ಯೋರ್ದಾನಿಗೆ ಹೊರಟ ಗೋವಿಂದಮ್ಮ

ಸೇಲಂ ಅಮ್ಮಾಪೇಟೆಯ ಗೋವಿಂದಮ್ಮನಿಗೆ ಮುಳುಗುವುದಾದರೆ ಯೋರ್ದಾನ್ ನದಿಯಲ್ಲೇ ಮುಳುಗಬೇಕು ಎಂಬ ಹಟ ಹತ್ತಿದ್ದು ಭಕ್ತಿಯಿಂದ ಎಂದು ಅವಳು ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ, ಅರ್ಧ ಭಕ್ತಿ, ಅರ್ಧ ಸಿಮೆಂಟ್ ತೊಟ್ಟಿಯ ಮೇಲಿನ ಸಿಟ್ಟು.

ತೊಂಬತ್ನಾಲ್ಕನೇ ಇಸವಿಯಲ್ಲಿ ಅವಳಿಗೆ ಬಿಡದ ಕೆಮ್ಮು ಬಂದಿತ್ತು. ಬೀದಿಯ ಕೊನೆಯಲ್ಲಿದ್ದ ಕ್ರೈಸ್ತರ ಜಪದ ಮನೆಯ ಹೆಂಗಸರು ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಅದೇ ವಾರ ಗಂಡ ತಿಮ್ಮರಾಯಪ್ಪ ಆಸ್ಪತ್ರೆಯಿಂದ ಸಿರಪ್ಪು ತಂದ. ಕೆಮ್ಮು ನಿಂತಿತು. ಯಾವುದರಿಂದ ನಿಂತಿತು ಎಂಬ ವಾದ ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಗೋವಿಂದಮ್ಮ ಭಾನುವಾರ ಜಪದ ಮನೆಗೆ ಹೋಗತೊಡಗಿದಳು. ಗಂಡ ಹಣೆಗೆ ವಿಭೂತಿ ಹಚ್ಚಿಕೊಂಡು ಮಗ್ಗದ ಗುಂಡಿಗೆ ಇಳಿಯುವುದನ್ನು ಬಿಡಲಿಲ್ಲ. ಇಬ್ಬರ ಸಂಸಾರಕ್ಕೆ ಇದರಿಂದ ಏನೂ ತೊಂದರೆಯಾಗಲಿಲ್ಲ.

ಎರಡು ವರ್ಷ ಕಳೆದ ಮೇಲೆ ಪಾಸ್ಟರ್ ದೇವಸಹಾಯಂ ಅವಳಿಗೆ ದೀಕ್ಷಾಸ್ನಾನ ಕೊಡಲು ಒಪ್ಪಿ, ಜಪದ ಮನೆಯ ಹಿಂದಿನ ತೊಟ್ಟಿಯನ್ನು ತೋರಿಸಿದರು. ಗೋವಿಂದಮ್ಮ ಅದರ ಅಂಚಿನಲ್ಲಿ ನಿಂತು ಒಳಗೆ ನೋಡಿದಳು.

"ಅಯ್ಯಾ, ಇಂಥಾ ತೊಟ್ಟೀಲಿ ನಾವು ನೂಲು ನೆನೆಸ್ತೀವಿ. ನಾನೇನು ನೂಲಾ? ಯೇಸುಸ್ವಾಮಿ ಮುಳುಗಿದ ಒಳೆ ಇಲ್ವಾ? ಅಲ್ಲೇ ಮುಳುಗ್ತೀನಿ."

ಪಾಸ್ಟರ್ ನಕ್ಕುಬಿಟ್ಟರು. ಆದರೆ ಅವರ ಗ್ರಹಚಾರಕ್ಕೆ ಮುಂದಿನ ವರ್ಷವೇ ಮದ್ರಾಸಿನ ಒಂದು ತಂಡ ಜುಲೈನಲ್ಲಿ ಯೋರ್ದಾನಿಗೆ ಹೊರಡುವುದೆಂದು ಪತ್ರ ಬಂತು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದ ಮಗ ಮಣಿಕಂಠ ಖರ್ಚು ತನ್ನದೆಂದ. ಪಾಸ್‌ಪೋರ್ಟಿನ ಏಜೆಂಟು ಹುಟ್ಟಿದ ತಾರೀಖು ಕೇಳಿದ.

"ಮೆಟ್ಟೂರು ಅಣೆ ಕಟ್ಟಿ ಮುಗಿದ ಮ್ಯಾಕೆ," ಎಂದಳು ಗೋವಿಂದಮ್ಮ. "ನಮ್ಮಕ್ಕಂಗೆ ಆಲು ಅಲ್ಲು ಬೀಳೋವಾಗ."

ಏಜೆಂಟು ತಲೆ ಕೆರೆದುಕೊಂಡು ಯಾವುದೋ ಒಂದು ಜೂನ್ ತಿಂಗಳನ್ನು ಬರೆದುಕೊಂಡ. ಗೋವಿಂದಮ್ಮ ತನ್ನ ಮಗ್ಗದಲ್ಲೇ ನದಿಗಿಳಿಯಲು ಒಂದು ಸೀರೆ ನೇಯ್ದಳು. ಅಪ್ಪಟ ಬಿಳಿ, ಅಂಚೂ ಇಲ್ಲ, ಸೆರಗಿಗೆ ಒಂದು ಗೆರೆಯೂ ಇಲ್ಲ. ಐವತ್ತು ವರ್ಷ ಬಣ್ಣದ ನಡುವೆ ಬದುಕಿದವಳು ಯಾಕೆ ಹೀಗೆ ನೇಯ್ದಳು ಎಂದು ತಿಮ್ಮರಾಯಪ್ಪ ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

ಇನ್ನು ಉಳಿದದ್ದು ಹೇಳಿ ಹೊರಡುವುದು. ಗೋವಿಂದಮ್ಮನ ತವರಿನಲ್ಲಿ ದೂರದ ಯಾತ್ರೆಗೆ ಹೋಗುವವರು ನೆಂಟರ ಮನೆಮನೆಗೂ ಹೋಗಿ, ತಪ್ಪಿದ್ದರೆ ಮನ್ನಿಸಿ ಎಂದು ಕೇಳಿ, ಅವರ ಬಾಯಿಂದ 'ಹೋಗಿ ಬಾ' ಅನ್ನಿಸಿಕೊಳ್ಳಲೇಬೇಕು. ಒಬ್ಬರು ಅನ್ನದಿದ್ದರೂ ಯಾತ್ರೆ ಫಲ ಕೊಡುವುದಿಲ್ಲ. ಅವಳ ತಾತ ಕಾಶಿಗೆ ಹೊರಟಾಗ ಒಂದು ಮನೆಗೆ ಬೀಗ ಹಾಕಿತ್ತೆಂದು ಆ ಜಗಲಿಯ ಮೇಲೆ ಎರಡು ದಿನ ಕಾದು ಕುಳಿತಿದ್ದನಂತೆ. ಕಾಶಿಗೆ ಇದ್ದ ಕಟ್ಟಳೆ ಯೋರ್ದಾನಿಗೆ ಇಲ್ಲದೆ ಇರುತ್ತದೆಯೇ? ಗೋವಿಂದಮ್ಮ ಒಂದೇ ತಿಂಗಳಲ್ಲಿ ಹದಿನೇಳು ಮನೆ ಸುತ್ತಿದಳು. ಎಲ್ಲರೂ ಕಾಫಿ ಕೊಟ್ಟು 'ಓಗ್ಬುಟ್ಟು ಬಾ' ಎಂದರು. ಪಕ್ಕದ ಮನೆಯ ರಾಜಾತಿ, ನೆಂಟಳಲ್ಲದಿದ್ದರೂ, ಒಂದು ಚೊಂಬು ಯೋರ್ದಾನ್ ನೀರು ತರಬೇಕೆಂದು ಚೊಂಬನ್ನೇ ಕೊಟ್ಟು ಕಳಿಸಿದಳು.

ಹದಿನೆಂಟನೆಯ ಮನೆ ಕಡಯಂಪಟ್ಟಿಯಲ್ಲಿತ್ತು. ಅದು ಒಡಹುಟ್ಟಿದ ಅಕ್ಕ ನಾರಾಯಣಮ್ಮನ ಮನೆ. ಅಲ್ಲಿಗೆ ಗೋವಿಂದಮ್ಮ ಹೋಗಿ ಹನ್ನೊಂದು ವರ್ಷವಾಗಿತ್ತು.

ಅಕ್ಕನ ಮಗಳು ಶಶಿಕಲಾಳ ಮದುವೆಗೆ ಗೋವಿಂದಮ್ಮ ಕುಂಕುಮ ಬಣ್ಣದ ಸೀರೆ ನೇಯ್ದು ಕೊಟ್ಟಿದ್ದಳು. ಬಣ್ಣ ಹಾಕಿದವನು ಯಾವನೋ, ಮೊದಲ ಒಗೆತಕ್ಕೇ ಸೀರೆ ಬಣ್ಣ ಬಿಟ್ಟಿತು. ಅದೇ ಬಕೆಟ್ಟಿನಲ್ಲಿ ಮದುಮಗ ಗೋವಿಂದರಾಜುವಿನ ಹೊಸ ಪಂಚೆಯೂ ನೆನೆದಿತ್ತು. ಬೀಗರ ಊಟಕ್ಕೆ ಅವನು ಗುಲಾಬಿ ಬಣ್ಣದ ಪಂಚೆಯುಟ್ಟು ಬಂದು ಕುಳಿತ. ನಾರಾಯಣಮ್ಮ ತುಂಬಿದ ಪಂಕ್ತಿಯಲ್ಲಿ, "ನೇಯೋಕ್ ಬರ್ದೋರು ಯಾಕ್ ನೇಯ್ಬೇಕು?" ಎಂದಳು. ಗೋವಿಂದಮ್ಮ ಎಲೆಯಲ್ಲಿ ಪಾಯಸ ಬಿಟ್ಟು ಎದ್ದು ಬಂದಳು.

ಈಗ ಅಲ್ಲಿಗೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಪಾಸ್ಟರ ಹತ್ತಿರ ಹೋಗಿ, ಅಕ್ಕನೊಬ್ಬಳನ್ನು ಬಿಟ್ಟರೆ ನಡೆಯುತ್ತದೆಯೇ ಎಂದು ಕೇಳಿದಳು.

"ಅದೆಲ್ಲಾಂ ತೇವೈಯಿಲ್ಲೆಮ್ಮಾ," ಎಂದರು ಪಾಸ್ಟರ್ ತಮಿಳಿನಲ್ಲಿ. ಅದೆಲ್ಲ ಬೇಕಾಗಿಲ್ಲ, ಬೈಬಲಿನಲ್ಲಿ ಅಂಥ ಕಟ್ಟಳೆಯೇನೂ ಇಲ್ಲ ಎಂದು ಬಿಡಿಸಿ ಹೇಳಿದರು.

ಗೋವಿಂದಮ್ಮ ನಿಟ್ಟುಸಿರುಬಿಟ್ಟು ಬಾಗಿಲವರೆಗೆ ಬಂದವಳು ತಿರುಗಿ ನಿಂತಳು. "ಓದ್ ವಾರ ನೀವೇ ಓದಿದ್ರಲ್ಲಯ್ಯಾ? ಕಾಣಿಕೆ ತಂದಿದ್ರೂ ಅಲ್ಲೇ ಬುಟ್ಟು ಓಗು, ಮೊದ್ಲು ಒಡುಟ್ಟಿದೋರ ಜೊತೆ ರಾಜಿಯಾಗು ಅಂತ. ಕಾಣಿಕೆಗೇ ಇಂಗಂದ್ರೆ, ಆಳ್ನೇ ಮುಳುಗ್ಸೋಕೆ?"

ತಮ್ಮ ಉಪದೇಶವನ್ನು ಇಷ್ಟು ಗಮನವಿಟ್ಟು ಕೇಳುವವರೂ ಇದ್ದಾರೆಂದು ಪಾಸ್ಟರ್ ಎಣಿಸಿರಲಿಲ್ಲ.

ಹಾಗಾಗಿ ಒಂದು ಮಂಗಳವಾರ ಗೋವಿಂದಮ್ಮ ಓಮಲೂರಿನಲ್ಲಿ ಬಸ್ಸು ಬದಲಾಯಿಸಿ ಕಡಯಂಪಟ್ಟಿಗೆ ಹೋದಳು. ಅಕ್ಕನ ಮನೆಯ ಮುಂಭಾಗವೇ ಹಿಟ್ಟಿನ ಮಿಲ್ಲು. ತಲೆಯಿಂದ ಕಾಲಿನವರೆಗೆ ರಾಗಿ ಹಿಟ್ಟು ಬಳಿದುಕೊಂಡು ನಿಂತಿದ್ದ ನಾರಾಯಣಮ್ಮ ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಅಕ್ಕಾ, ಯೋರ್ದಾನ್ ಒಳೆಗೆ ಓಯ್ತಾ ಇವ್ನಿ. ತಪ್ಪಾಗಿದ್ರೆ ಒಟ್ಟೇಗಾಕ್ಕೊ. ಓಗ್ಬುಟ್ಟು ಬಾ ಅನ್ನು."

"ಎಲ್ಲೈತದು?"

"ಸಮುದ್ರ ದಾಟಿ. ಏರೋಪ್ಲೇನ್‌ನಾಗೆ ಓಗ್ಬೇಕು."

"ಅಲ್ಲೀಗಂಟ ಏರೋಪ್ಲೇನ್ ಸಿಕ್ತದೆ. ಕಡಯಂಪಟ್ಟೀಗೆ ಅನ್ನೊಂದು ವರ್ಸ ಬಸ್ ಸಿಕ್ಲಿಲ್ವೇನೇ ನಿಂಗೆ?"

ಗೋವಿಂದಮ್ಮ ಉತ್ತರ ಹುಡುಕುವಷ್ಟರಲ್ಲಿ ನಾರಾಯಣಮ್ಮ ಸ್ವಿಚ್ಚು ಒತ್ತಿದಳು. ಮಿಲ್ಲಿನ ಸದ್ದಿಗೆ ಮಾತು ಮುಗಿಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮುದ್ದೆ, ಸೊಪ್ಪಿನ ಸಾರು ಬಂತು. 'ಓಗ್ಬುಟ್ಟು ಬಾ' ಮಾತ್ರ ಬರಲಿಲ್ಲ. ಹೊರಡುವಾಗ ಅಕ್ಕ, "ಮುಂದಿನ್ ಮಂಗ್ಳವಾರ ಬಾ, ನೋಡಾನ," ಎಂದಳು.

ಮುಂದಿನ ಮಂಗಳವಾರವೂ ಅದೇ ಕಥೆ. ಬಾಯಿ ತೆರೆದರೆ ಮಿಲ್ಲು. ಅದರ ಮುಂದಿನ ವಾರ ಅಕ್ಕ ಒಂದು ಮೊರ ಕೊಟ್ಟು ರಾಗಿ ಕೇರಲು ಕೂರಿಸಿದಳು. ಕೇರುತ್ತಾ ಇಬ್ಬರೂ ಸತ್ತ ಅಮ್ಮನ ಮಾತಾಡಿದರು, ಗುಲಾಬಿ ಪಂಚೆಯ ಮಾತು ಬರದಂತೆ ಬಳಸಿಕೊಂಡು ಮಾತಾಡಿದರು. ಪ್ರತಿ ವಾರ ಗೋವಿಂದಮ್ಮ ಒಂದು ಚೀಲ ಹಿಟ್ಟು ಹೊತ್ತು ತರುತ್ತಿದ್ದಳು.

"ನಿಮ್ಮಕ್ಕ ಇಂಗೇ ಗಟ್ಟಿಯಾಗಿರ್ಲಿ," ಎಂದ ತಿಮ್ಮರಾಯಪ್ಪ ಮುದ್ದೆ ಮುರಿಯುತ್ತಾ. "ಇಂಥಾ ನೈಸ್ ಇಟ್ಟು ಅಮ್ಮಾಪೇಟೇಲಿ ಎಲ್ಲೈತೆ?"

ಗೋವಿಂದಮ್ಮನಿಗೆ ನಗು ಬರಲಿಲ್ಲ. ಜೂನ್ ಹತ್ತಿರವಾಗುತ್ತಿತ್ತು. ಹೆಸರುಗಳ ಪಟ್ಟಿ ಬುಧವಾರ ಮದ್ರಾಸಿಗೆ ಹೋಗುತ್ತದೆ, ಕೊನೆಯ ಮಾತು ಹೇಳಿ ಎಂದು ಪಾಸ್ಟರ್ ಕೇಳಿದ್ದರು. ಕೊನೆಯ ಮಂಗಳವಾರ ಅವಳು ಮಿಲ್ಲಿನ ಸ್ವಿಚ್ಚಿಗೆ ಅಡ್ಡವಾಗಿ ನಿಂತುಕೊಂಡಳು.

"ಇವತ್ತು ಅನ್ಲೇಬೇಕು ಅಕ್ಕ. ನಿನ್ ಕಾಲಿಗೆ ಬೀಳ್ತೀನಿ. ಒಂದ್ ಮಾತು. ಅಷ್ಟು ಅನ್ನೋಕೆ ನಿಂಗೇನ್ ಕಷ್ಟ?"

ನಾರಾಯಣಮ್ಮ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. ಒರೆಸಿದ ಕಡೆಯೂ ಹಿಟ್ಟೇ ಆಯಿತು.

"ಅಂದ್ಬುಟ್ರೆ ನಿನ್ ಕೆಲ್ಸ ಆಯ್ತು," ಎಂದಳು. "ಆಮ್ಯಾಕೆ ಮಂಗ್ಳವಾರ ಇಲ್ಲಿಗ್ ಯಾರ್ ಬತ್ತಾರೆ?"

ಹಾಗೆಂದು ತಂಗಿಯನ್ನು ಪಕ್ಕಕ್ಕೆ ಸರಿಸಿ ಸ್ವಿಚ್ಚು ಒತ್ತಿದಳು. ಮಿಲ್ಲಿನಲ್ಲಿ ಒಂದು ಕಾಳೂ ಇರಲಿಲ್ಲ. ಅದು ಬರಿದೇ ಗರಗರ ತಿರುಗಿತು. ಇಬ್ಬರೂ ಅದನ್ನೇ ನೋಡುತ್ತಾ ನಿಂತರು.

ಬಸ್ಸಿನಲ್ಲಿ ಗೋವಿಂದಮ್ಮ ಓಮಲೂರಿನವರೆಗೂ ಅತ್ತಳು. ಯೋರ್ದಾನ್ ತಪ್ಪಿತೆಂಬ ಸಂಕಟ ಒಂದು ಕಡೆ, ಹನ್ನೊಂದು ವರ್ಷ ಸುಮ್ಮನೆ ಹಾಳುಮಾಡಿದೆನಲ್ಲ ಎಂಬ ಸಂಕಟ ಇನ್ನೊಂದು ಕಡೆ. ಸೇಲಂಗೆ ಇಳಿದವಳೇ ಜಪದ ಮನೆಗೆ ಹೋಗಿ ತನ್ನ ಹೆಸರು ಹೊಡೆದುಹಾಕಿಸಿದಳು. ಆ ಜಾಗಕ್ಕೆ ಓಮಲೂರಿನ ಒಬ್ಬ ಟೀಚರಮ್ಮ ಹೋದರು. ರಾಜಾತಿಯ ಚೊಂಬು ಖಾಲಿಯಾಗಿಯೇ ವಾಪಸಾಯಿತು.

ತಂಡದ ಜೊತೆ ಹೋಗಿದ್ದ ಪಾಸ್ಟರ್ ಯೋರ್ದಾನಿನಿಂದ ಒಂದು ಪುಟ್ಟ ಸೀಸೆಯಲ್ಲಿ ನೀರು ತಂದರು. ಆಗಸ್ಟಿನ ಒಂದು ಭಾನುವಾರ ಮೆಟ್ಟೂರಿನ ಕೆಳಗೆ, ಕಾವೇರಿಯಲ್ಲಿ ಗೋವಿಂದಮ್ಮನ ದೀಕ್ಷಾಸ್ನಾನವೆಂದು ನಿಶ್ಚಯವಾಯಿತು. ತೊಟ್ಟಿಯಲ್ಲವಲ್ಲ ಎಂದು ಅವಳು ಒಪ್ಪಿ, ಆ ಮಂಗಳವಾರ ಕಡಯಂಪಟ್ಟಿಯಲ್ಲೂ ಸುದ್ದಿ ಹೇಳಿ ಬಂದಳು. ಆ ದಿನ ಬೆಳಿಗ್ಗೆ ವ್ಯಾನಿನಿಂದ ಇಳಿದು ನೋಡಿದರೆ ನದಿಯ ಮೆಟ್ಟಿಲ ಮೇಲೆ ನಾರಾಯಣಮ್ಮ ಕುಳಿತಿದ್ದಾಳೆ. ಜೊತೆಗೆ ಅಳಿಯ ಗೋವಿಂದರಾಜು.

"ನಿನ್ ನೋಡಕೇನ್ ಬಂದಿಲ್ಲ," ಎಂದಳು ಅಕ್ಕ. "ಆಡಿ ಅದಿನೆಂಟರ ಅಬ್ಬಕ್ಕೆ ಕಾವೇರಮ್ಮಂಗೆ ಕೈ ಮುಗಿಯಾಕೆ ಬಂದೀವಿ."

"ಆಡಿ ಅದಿನೆಂಟು ಓಗಿ ಒಂದ್ ವಾರ ಆಯ್ತಲ್ಲಕ್ಕ?"

"ಬಸ್ ಸಿಕ್ಲಿಲ್ಲ," ಎಂದಳು ನಾರಾಯಣಮ್ಮ.

ಆಮೇಲೆ ತಂಗಿಯ ಬಿಳಿ ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದಳು. ನೇಯ್ಗೆ ನೋಡಿದಳು, ತಿರುಗಿಸಿ ನೋಡಿದಳು. "ಚೆನ್ನಾಗೇ ನೇಯ್ದಿದ್ದೀಯ ಕಣೇ. ಬಣ್ಣಾನೇ ಇಲ್ಲ. ಈ ಸಲ ಯಾರ್ ಪಂಚೇನೂ ಕೆಡಲ್ಲ."

ಮೊದಲು ನಕ್ಕವನು ಗೋವಿಂದರಾಜು. ಅಕ್ಕತಂಗಿಯರಿಬ್ಬರೂ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ತಿಮ್ಮರಾಯಪ್ಪ ತನಗೇನೂ ಸಂಬಂಧವಿಲ್ಲದವನಂತೆ ವಿಭೂತಿ ಹಣೆಯನ್ನು ಆಕಾಶಕ್ಕೆತ್ತಿ ನಿಂತಿದ್ದ. ಅವನ ಕೈಯಲ್ಲಿ ಹೆಂಡತಿಯ ಒಣ ಸೀರೆ, ಟವಲು, ಜೇಬಿನಲ್ಲಿ ಕೆಮ್ಮಿನ ಸಿರಪ್ಪು ಇದ್ದವು.

ಪಾಸ್ಟರ್ ಸೀಸೆಯ ನೀರನ್ನು ಕಾವೇರಿಗೆ ಸುರಿದು ಮುಂದೆ ನಡೆದರು. ಗೋವಿಂದಮ್ಮ ಸೊಂಟದ ಮಟ್ಟದ ನೀರಿನಲ್ಲಿ ನಿಂತಳು. ನಂಬುತ್ತೀಯಾ ಎಂದು ಕೇಳಿದರು, ನಂಬುತ್ತೇನೆ ಎಂದಳು. ಅವರು ಅವಳ ಬೆನ್ನಿಗೆ ಕೈ ಕೊಟ್ಟಾಗ ಮಾತ್ರ, "ಅಯ್ಯಾ, ಒಂದ್ ನಿಮ್ಸ," ಎಂದು ತಡೆದು ದಡದ ಕಡೆ ತಿರುಗಿ ನೋಡಿದಳು. ಅಕ್ಕನ ಮುಖವನ್ನೇ ನೋಡುತ್ತಾ ನಿಂತೇ ಇದ್ದಳು. ಪಾಸ್ಟರ ಕಾಲಿನ ಕೆಳಗೆ ಮರಳು ಸರಿಯುತ್ತಿತ್ತು.

ದಡದಲ್ಲಿ ಒತ್ತಲು ಯಾವ ಸ್ವಿಚ್ಚೂ ಇರಲಿಲ್ಲ. ನಾರಾಯಣಮ್ಮ ಆ ಕಡೆ ಈ ಕಡೆ ನೋಡಿದಳು. ಮೂವತ್ತು ವರ್ಷ ಮಿಲ್ಲಿನ ಸದ್ದಿನ ಮೇಲೆ ಕೂಗಿ ಪಳಗಿದ ಗಂಟಲು ಅವಳದು. ಆಚೆ ದಡದ ಹರಿಗೋಲಿನವನೂ ತಿರುಗಿ ನೋಡಿದ.

"ಓಗ್ಬುಟ್ಟು ಬಾರೇ, ಗೋವಿಂದೀ! ಬಿರ್ನೆ ಬಾ! ಮಂಗ್ಳವಾರ ಎರಡು ಮೂಟೆ ರಾಗಿ ಕೇರೋದೈತೆ!"

ಗೋವಿಂದಮ್ಮ ತಲೆಯಾಡಿಸಿ, ಮೂಗು ಹಿಡಿದುಕೊಂಡಳು.