ಉಗುರುಬಣ್ಣದ ಗೆರೆ

ಡ್ರೈವಿಂಗ್ ಲೈಸೆನ್ಸ್ ಕೈಗೆ ಬಂದ ದಿನದಿಂದ ಗಂಡ ಅವಳನ್ನು ಡ್ರೈವರಮ್ಮ ಎಂದೇ ಕರೆಯುತ್ತಿದ್ದ. ಮನೆಯವರೆಲ್ಲ ನಕ್ಕರು, ಅವಳೂ ನಕ್ಕಳು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವಳಿಗೆ ಮೇಲ್ವಿಚಾರಕಿಯ ಕೆಲಸ ಸಿಕ್ಕಾಗ ಮಾತ್ರ ಅವನು ನಗಲಿಲ್ಲ. ಮನೆಯಲ್ಲಿ ಬಿಟ್ಟಿ ಮಾಡುತ್ತಿದ್ದುದಕ್ಕೇ ಅಲ್ಲಿ ಸಂಬಳ. "ಹೋಗು, ನಾನೇನು ಬೇಡ ಅಂದ್ನಾ?" ಎಂದ.

ಬೆಳಗಿನ ಪಾಳಿ. ಆ ಹೊತ್ತಿಗೆ ಬಸ್ಸಿಲ್ಲ, ಮನೆಯ ಹಳೇ ಕಾರೇ ಗತಿ. ಅವನ ಅಂಗಡಿ ಪಕ್ಕದ ಬೀದಿಯಲ್ಲೇ ಇದ್ದುದರಿಂದ ಅವನು ನಡೆದೇ ಹೋಗುತ್ತಿದ್ದ. ಆದರೆ ಅವಳು ಒಯ್ಯತೊಡಗಿದ್ದೇ ತಡ, ಕಾರು ಹಟಕ್ಕೆ ಬಿತ್ತು. ಎಳೆದೆಳೆದು ಓಡುವುದು, ಸಿಗ್ನಲ್ಲಿನಲ್ಲಿ ನಿಂತೇ ಹೋಗುವುದು. ಎರಡು ಸಲ ತಡವಾಯಿತು. ಮೂರನೆಯ ಸಲ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮ್ಯಾನೇಜರ್ ಮುಖಕ್ಕೆ ಹೊಡೆದ ಹಾಗೆ ಹೇಳಿದ.

ಭಾನುವಾರ ಗಂಡ ಬಾನೆಟ್ ಎತ್ತಿದ. ಆಕ್ಸಿಲರೇಟರ್ ಎಷ್ಟು ತುಳಿದಿದ್ದೇವೆ ಎಂದು ಎಂಜಿನ್ನಿಗೆ ಚಾಡಿ ಹೇಳುವ ಪುಟ್ಟ ಸೆನ್ಸರ್ ಒಂದಿದೆ, ಅದರ ವೋಲ್ಟೇಜ್ ತಪ್ಪಿದೆ ಎಂದ. ಈ ಕೆಲಸಕ್ಕೆ ಇಬ್ಬರು ಬೇಕು. ಅವಳು ಒಲೆಯ ಉರಿ ತಗ್ಗಿಸಿ ಬಂದು, ಎಂಜಿನ್ ಹೊತ್ತಿಸದೆ ಕೀಯನ್ನಷ್ಟೇ ತಿರುಗಿಸಿ ಕೂತಳು. "ತುಳಿ... ಮೆಲ್ಲಗೆ. ಬಿಡು." ಅವನು ವೋಲ್ಟೇಜ್ ಅಳೆಯುವ ಮೀಟರಿನ ತಂತಿ ಸೆನ್ಸರಿಗೆ ಹಿಡಿದು, ಎರಡು ಸ್ಕ್ರೂ ಸಡಿಲಿಸಿ, ಸೆನ್ಸರನ್ನು ಎಳ್ಳಷ್ಟು ತಿರುಗಿಸಿದ. ಅವಳು ಕಾಲು ತೆಗೆದಾಗ ಮೀಟರು ಇರಬೇಕಾದ ಅರ್ಧ ವೋಲ್ಟಿಗೆ ನಿಂತಿತು, ಅವನು ಸ್ಕ್ರೂ ಬಿಗಿದ. ಅವನು ಕೈ ತೊಳೆಯಲು ಹೋದಾಗ ಅವಳು ಮಗಳ ಉಗುರುಬಣ್ಣ ತಂದು, ಸೆನ್ಸರಿಗೂ ಅದು ಕೂತ ಲೋಹಕ್ಕೂ ಸೇರುವಂತೆ ಹಿಂಬದಿಯಲ್ಲಿ ಒಂದು ಗೆರೆ ಎಳೆದಳು. ಮತ್ತೆ ಜಾರಿದರೆ ತಿಳಿಯಲಿ ಎಂದಷ್ಟೇ.

ಸಂಜೆ ಅವನು ಓಡಿಸಿದಾಗ ಕಾರು ಬೆಣ್ಣೆಯಿಂದ ಕೂದಲೆಳೆದ ಹಾಗೆ ಹೋಯಿತು. "ನೋಡಿದ್ಯಾ, ಕಾರಿಗೂ ಗೊತ್ತಾಗತ್ತೆ ಕಣಮ್ಮ, ಯಾರ ಕಾಲು ಅಂತ," ಎಂದು ಅತ್ತೆ ಹಿಂದಿನ ಸೀಟಿನಿಂದ ತೀರ್ಪು ಕೊಟ್ಟರು.

ಸೋಮವಾರ ಮೊದಲ ತಿರುವಿನಲ್ಲೇ ಮತ್ತೆ ಅದೇ ಎಳೆದಾಟ. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದಳು. ಗೆರೆ ಎರಡು ತುಂಡಾಗಿ ಅತ್ತಿತ್ತ ಸರಿದಿತ್ತು. ಸ್ಕ್ರೂ ಸಡಿಲಾಗಿರಬೇಕು ಎಂದು ಮುಟ್ಟಿ ನೋಡಿದಳು. ಎರಡೂ ಬಿಗಿಯಾಗಿದ್ದವು. ತಾನಾಗಿ ಜಾರಿದ್ದು ಮತ್ತೆ ತಾನಾಗಿ ಬಿಗಿದುಕೊಳ್ಳುವುದಿಲ್ಲ.

ಹಿಂದಿನ ರಾತ್ರಿ ಅವನು ಟಾರ್ಚ್ ಹಿಡಿದು, ಕಸ ತಾನೇ ಹಾಕಿ ಬರುತ್ತೇನೆ ಎಂದು ಎದ್ದು ಹೋಗಿದ್ದ. ಮದುವೆಯಾದಾಗಿನಿಂದ ಕಸದ ಬಕೆಟ್ ಮುಟ್ಟದವನು. ಅವಳ ಮನಸ್ಸು ತುಂಬಿ ಬಂದಿತ್ತು. ಅದು ನೆನಪಾಗಿ ಅವಳಿಗೆ ಅವನು ಕಾರಿಗೆ ಮಾಡಿದ್ದಕ್ಕಿಂತ ತನ್ನ ಆ ಖುಷಿಯ ಮೇಲೇ ಹೇಸಿಗೆಯಾಯಿತು.

ಡಿಕ್ಕಿಯಿಂದ ಸ್ಕ್ರೂಡ್ರೈವರ್ ತಂದು, ಗೆರೆ ಕೂಡಿಸಿ, ಬಿಗಿದು ಹೊರಟಳು. ಹೊತ್ತಿಗೆ ಸರಿಯಾಗಿ ತಲುಪಿದಳು.

"ಏನು ಡ್ರೈವರಮ್ಮ, ಕಾರು ಹೇಗಿತ್ತು?" ಊಟಕ್ಕೆ ಕೂತಾಗ ಅವನು ಕೇಳಿದ.

"ಚೆನ್ನಾಗಿತ್ತು ರೀ. ನಿಮ್ಮ ಕೈಗುಣ."

ಬಾಯಿಗೆ ಹೋಗುತ್ತಿದ್ದ ತುತ್ತು ಅರೆಕ್ಷಣ ನಿಂತಿತು. ಆಮೇಲೆ ಉಪ್ಪು ಕಮ್ಮಿಯಾಗಿದೆ ಎಂದ.

ಈಗ ಅವನು ದಿನಾ ತಾನೇ ಕಸ ಹಾಕಿ ಬರುತ್ತಾನೆ. ನನ್ನ ಮಗ ಮನೆಕೆಲಸಕ್ಕೂ ಸೈ ಎಂದು ಅತ್ತೆ ನೆರೆಯವರ ಮುಂದೆ ಹೊಗಳಿಕೊಳ್ಳುತ್ತಾರೆ. ಅವಳು ಬೆಳಗ್ಗೆ ಎದ್ದು ಹಾಲು ಕಾಯಿಸಿ, ಅವನದೂ ಮಗಳದೂ ಡಬ್ಬಿ ಕಟ್ಟಿ, ಅತ್ತೆಯ ಮಾತ್ರೆ ತೆಗೆದಿಟ್ಟು, ಗ್ಯಾಸ್ ಆಫ್ ಮಾಡಿ, ಹೊರಗೆ ಬಂದು ಬಾನೆಟ್ ಎತ್ತಿ ಗೆರೆ ಕೂಡಿಸುತ್ತಾಳೆ.