ಚಿಗವ್ವನ ಉಪ್ಪಿನ ಕೈ

ಚಿಗವ್ವನ ಬಲಗೈ ಬೆರಳುಗಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಬಿರಿದಿರುತ್ತಿತ್ತು. ದಿನಕ್ಕೆರಡು ಸಲ ಹರಳುಪ್ಪಿನ ಭರಣಿಗೆ ಇಳಿದೂ ಇಳಿದೂ ಹಾಗಾಗಿದ್ದ ಕೈ ಅದು. ಆ ಬುಧವಾರವೂ ಅದು ಭರಣಿಯ ತಳ ಕೆರೆಯಿತು. ಒಂದು ಮುಷ್ಟಿ ತುಂಬಿಕೊಂಡು ಕುದಿಯುವ ಬೇಳೆಸಾರಿನ ಮೇಲೆ ಒಂದು ಸುತ್ತು ತಿರುಗಿ ಬಿಚ್ಚಿಕೊಂಡಿತು. ಆಮೇಲೆ ಎರಡು ಬೆರಳಲ್ಲಿ ಇನ್ನೊಂದು ಚಿಟಿಕೆ. "ಉಪ್ಪು ತೀರೇತಿ ನೋಡವಾ, ನಾಳಿಗಿ ತರಬೇಕು" ಎಂದಳು. ನಾನು ಹೂಂ ಎಂದೆ. ಎಲ್ಲವೂ ಸರಿಯಾಗಿದ್ದ ಕೊನೆಯ ದಿನ ಅದು. ಸರಿಯಾಗಿದೆ ಎಂದು ನಾನು ತಿಳಿದುಕೊಂಡಿದ್ದೆ ಎಂದು ಬರೆದರೆ ಹೆಚ್ಚು ನಿಜ.

ಚಿಗವ್ವ ನನ್ನ ಅವ್ವನ ತಂಗಿ. ಬೆಟಗೇರಿಯಲ್ಲಿ ಅವಳದೊಂದು ಖಾನಾವಳಿ ಇತ್ತು. ನಾನು ಅದೇ ಓಣಿಗೆ ಸೊಸೆಯಾಗಿ ಬಂದ ಮೇಲೆ ಅವಳ ಕೈಕೆಳಗೆ ಕೆಲಸಕ್ಕೆ ನಿಂತೆ. ಹನ್ನೊಂದು ವರ್ಷ ಒಂದೇ ಒಲೆಯ ಎರಡು ಬದಿಯಲ್ಲಿ ಇದ್ದೆವು. ಮಧ್ಯಾಹ್ನ ಐವತ್ತು ಮಂದಿ ಉಣ್ಣುತ್ತಿದ್ದರು. ಮಾರ್ಕೆಟ್ಟಿಗೆ ಬಂದ ರೈತರು, ಲಕ್ಷ್ಮೇಶ್ವರದ ಕಡೆಯಿಂದ ಬಸ್ಸಿಗೆ ಬಂದು ಹೋಗುವ ನೌಕರಿಯವರು, ಜೊತೆಗೆ ದಿನಾ ತಪ್ಪದೆ ಬರುತ್ತಿದ್ದ ಒಬ್ಬ ನಿವೃತ್ತ ಮಾಸ್ತರು. ಬಿಸಿ ರೊಟ್ಟಿ, ಎಣಗಾಯಿ, ಮೊಳಕೆ ಬಂದ ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಅನ್ನ, ಸಾರು. ಇಷ್ಟೇ ಊಟ. ಆದರೆ ಮಾಸ್ತರು ಹೇಳುತ್ತಿದ್ದರು, "ಉಪ್ಪು ಹಾಕೂದು ಕಲಿಸಾಕ ಬರೂದಿಲ್ಲ ನೋಡ್ರಿ. ಅದು ಅಕ್ಕಾರ ಕೈಯಾಗ ಹುಟ್ಟೇತಿ."

ಅವಳು ಅಡಿಗೆ ಮಾಡುವಾಗ ಎಂದೂ ರುಚಿ ನೋಡಿದವಳಲ್ಲ. ಮೊದಲು ದೇವರಿಗೆ ಎಡೆ ಹಿಡಿಯಬೇಕು, ಆಮೇಲೆ ಉಳಿದವರು. ಅದಕ್ಕೂ ಮೊದಲು ನಾಲಿಗೆ ತಾಗಿದರೆ ಅದು ಎಂಜಲು. ಹೊಸದರಲ್ಲಿ ನಾನು ಸೌಟಿನ ತುದಿಯಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡಿದ್ದಕ್ಕೆ ಅವಳು ಸೌಟನ್ನೇ ಕಸಿದುಕೊಂಡಿದ್ದಳು. "ಕೈಗೆ ಕಣ್ಣಿಲ್ಲೇನ ನಿನಗ? ನಾಲಿಗಿ ಯಾಕ ಚಾಚ್ತಿ?"

ಹಾಗೆಂದು ನಾಲಿಗೆಯ ಬಗ್ಗೆ ಅವಳಿಗೆ ಗರ್ವ ಇರಲಿಲ್ಲ ಎಂದಲ್ಲ. ಅವಳ ತವರು ಸಿಂಗಟಾಲೂರು, ತುಂಗಭದ್ರೆಯ ದಂಡೆ. ನಮ್ಮ ಓಣಿಗೆ ಕೆಲವು ದಿನ ಹೊಳೆಯ ನೀರು ಬರುತ್ತಿತ್ತು, ಕೆಲವು ದಿನ ಬೋರಿನ ಸವಳು ನೀರು. ಬೆಳಿಗ್ಗೆ ತಂಬಿಗೆಯಿಂದ ಒಂದು ಗುಟುಕು ಕುಡಿದು ಅವಳು ಹೇಳಿಬಿಡುತ್ತಿದ್ದಳು, "ಇವತ್ತ ನಮ್ಮೂರಿಂದು ಬಂದೈತಿ." ಅಥವಾ ಮುಖ ಕಿವಿಚಿ, "ಥೂ, ಬೋರಿಂದು." ಎಂದೂ ತಪ್ಪುತ್ತಿರಲಿಲ್ಲ.

ಅವಳು ಹಾಗೆ ಹೇಳುವುದನ್ನು ನಿಲ್ಲಿಸಿ ಒಂದು ವರ್ಷವಾಗಿತ್ತು. ಅದು ನನ್ನ ಗಮನಕ್ಕೆ ಬಂದಿರಲಿಲ್ಲ.

ಗುರುವಾರ ಅಂಗಡಿಯಲ್ಲಿ ಹರಳುಪ್ಪು ಇರಲಿಲ್ಲ. ನಾನು ಪುಡಿ ಉಪ್ಪಿನ ಪಾಕೀಟು ತಂದು ಭರಣಿಗೆ ಸುರಿದೆ. ಅವಳು ಕೈ ಇಳಿಸಿ, "ಸಣ್ಣ ಉಪ್ಪು ತಂದೀಯೇನ? ಇರ್ಲಿ, ಉಪ್ಪು ಉಪ್ಪ" ಎಂದು ಮುಷ್ಟಿ ತುಸು ಸಡಿಲ ಬಿಟ್ಟು ಹಾಕಿದಳು. ಹರಳಿನ ಮುಷ್ಟಿಯಲ್ಲಿ ಹರಳುಗಳ ನಡುವೆ ಗಾಳಿಯೂ ಇರುತ್ತದೆ. ಪುಡಿಯ ಮುಷ್ಟಿಯಲ್ಲಿ ಇರುವುದೆಲ್ಲ ಉಪ್ಪೇ. ಆ ದಿನ ಸಾರು ಉಪ್ಪಾಯಿತು. ಮಾಸ್ತರು ನಕ್ಕು, "ಅಕ್ಕಾರ, ಇವತ್ತ ಕೈ ಜಾರೇತ್ರಿ" ಎಂದರು. ಉಳಿದವರೂ ನಕ್ಕು ಇನ್ನಷ್ಟು ಅನ್ನ ಕಲಸಿಕೊಂಡರು. ಚಿಗವ್ವ ಅದನ್ನು ಮಾಸ್ತರ ಚೇಷ್ಟೆ ಎಂದೇ ತಿಳಿದಳು. ಮೂರು ಗಂಟೆಗೆ ಎಲ್ಲರದೂ ಮುಗಿದ ಮೇಲೆ ಚಿಗವ್ವ ಅದೇ ಸಾರಿನ ತಳವನ್ನು ಬಗ್ಗಿಸಿಕೊಂಡು ಉಂಡಳು. ತಾಟು ಬಳಿದು ಎದ್ದಳು.

ಶುಕ್ರವಾರ ಮತ್ತೆ ಅಷ್ಟೇ ಹಾಕಿದಳು.

ಎರಡನೆಯ ದಿನ ಯಾರೂ ನಗಲಿಲ್ಲ. ಇಬ್ಬರು ರೈತರು ತಾಟು ಸರಿಸಿ ಎದ್ದರು. ನನಗೆ ನಾಚಿಕೆ ಒಂದು ಕಡೆ, ಕೆಲಸದ ಹೊರೆ ಒಂದು ಕಡೆ. ಬಡಿಸುವ ಬುಟ್ಟಿ ಹಿಡಿದವಳು ಹಾಗೇ ತಿರುಗಿ ಎಲ್ಲರೆದುರು ಅಂದೆ, "ನಿನ್ನೆ ನೀ ಉಂಡಿಲ್ಲೇನ ಚಿಗವ್ವಾ? ಸುಣ್ಣದಂಗ ಆಗಿತ್ತಲ್ಲ! ನಾಲಿಗಿ ಸತ್ತೈತೇನ ನಿಂದು?"

ಅವಳು ಒಲೆಯ ಮುಂದಿನಿಂದ ಏಳಲಿಲ್ಲ. "ಹೂಂನವಾ" ಎಂದಳು. "ಸತ್ತೈತಿ. ಹ್ವಾದ ವರ್ಸ ಆ ಭೇದಿ ಹತ್ತಿತ್ತಲ್ಲ, ಅವಾಗಿಂದ ಏನು ತಿಂದ್ರೂ ಮಣ್ಣು ತಿಂದಂಗ."

ಮಾಸ್ತರು ತಲೆ ತಗ್ಗಿಸಿ ಉಪ್ಪುಪ್ಪು ಸಾರನ್ನೇ ಸುರಿದುಕೊಂಡು ಉಂಡರು.

ಆ ಮಧ್ಯಾಹ್ನ ನಾನು ಕೇಳಿದೆ, ಯಾಕೆ ಹೇಳಲಿಲ್ಲ ಎಂದು. "ಅಡಿಗಿ ಮಾಡಾಕಿಗೆ ರುಚಿ ಹತ್ತೂದಿಲ್ಲಂತ ಗೊತ್ತಾದ್ರ ಯಾರ ಬರ್ತಾರ ಉಣ್ಣಾಕ?" ಎಂದಳು. ಒಂದು ವರ್ಷ ಅವಳ ಕೈ ಅವಳನ್ನು ಕಾಪಾಡಿತ್ತು. ಅಳತೆ ಕೈಯಲ್ಲಿತ್ತು, ರುಚಿ ನೋಡುವ ಪದ್ಧತಿ ಇರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಮೊದಲಿನ ನಾಲಿಗೆ ಇದ್ದಿದ್ದರೆ ಗುರುವಾರ ಮೂರು ಗಂಟೆಗೆ ಉಣ್ಣುವಾಗಲೇ ತಪ್ಪು ತಿಳಿದು ಶುಕ್ರವಾರ ತಿದ್ದಿಕೊಳ್ಳುತ್ತಿದ್ದಳು. ನಾನು ಉಪ್ಪು ಬದಲಿಸದಿದ್ದರೆ ಗುಟ್ಟು ಅವಳ ಹತ್ತಿರವೇ ಉಳಿಯುತ್ತಿತ್ತು.

ಮರುದಿನದಿಂದ ಅವಳು ಎಲ್ಲ ಅಡಿಗೆಯನ್ನೂ ಮಾಡಿ ಮುಗಿಸಿ ಕೈ ಒರೆಸಿಕೊಂಡು ಹಿಂದೆ ಸರಿದು ನಿಲ್ಲುತ್ತಿದ್ದಳು. "ಉಪ್ಪು ನೀ ಹಾಕ."

ಅದೇ ತಿಂಗಳು ನನಗೆ ಅವಳ ಮಣಿಕಟ್ಟಿನ ಸುಟ್ಟ ಗಾಯ ಕಂಡಿತು. ಹಂಚು ತಾಗಿ ಆಗಿದ್ದು, ಒಂದೂವರೆ ತಿಂಗಳಾದರೂ ಹಸಿಯಾಗೇ ಇತ್ತು. ಸೆರಗಿನಲ್ಲಿ ಮುಚ್ಚಿಕೊಂಡು ಅಡ್ಡಾಡುತ್ತಿದ್ದಳು. ಗದುಗಿನ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ಗಾಯ ನೋಡಿದರು, ನಾಲಿಗೆ ನೋಡಿದರು, ಬಾಚಿದರೆ ಕೂದಲು ಉದುರುತ್ತದೆಯೇ ಎಂದು ಕೇಳಿದರು. ದಿನಾ ಏನು ಊಟ ಎಂದು ಕೇಳಿದಾಗ ನಾನೇ ಮುಂದೆ ಬಿದ್ದು ಹೇಳಿದೆ, "ನಮ್ಮದು ಖಾನಾವಳಿ ಐತ್ರಿ ಡಾಕ್ಟರ. ಊಟಕ್ಕೇನು ಕಮ್ಮಿ ಇಲ್ರಿ. ರೊಟ್ಟಿ, ಮಡಕಿ ಕಾಳು, ಶೇಂಗಾ ಚಟ್ನಿ, ಮಸರು..."

"ನಿಮ್ಮನ್ನ ಕೇಳಲಿಲ್ಲ" ಎಂದು ಅವರು ಚಿಗವ್ವನ ಕಡೆ ತಿರುಗಿದರು. "ನೀವು ಏನು ಉಣ್ತೀರಿ ಅವ್ವಾರ?"

"ಉಳದದ್ದು" ಎಂದಳು ಚಿಗವ್ವ.

ನಾನು ಆ ಕುರ್ಚಿಯ ಮೇಲೆ ಕುಳಿತೇ ಲೆಕ್ಕ ಹಾಕಿದೆ. ಮೂರು ಗಂಟೆಗೆ ಏನು ಉಳಿದಿರುತ್ತಿತ್ತು? ಬೆಳಗಿನ ರೊಟ್ಟಿ, ಸಾರಿನ ತಳ, ಕೆಂಪು ಮೆಣಸಿನಕಾಯಿಯ ರಂಜಕ. ಕಾಳಿನ ಪಲ್ಯ ಎರಡು ಗಂಟೆಗೇ ಖಾಲಿ. ಮೊಸರು ಅದಕ್ಕೂ ಮೊದಲು. ದಿನಾ ಮಡಕಿ ಕಾಳು ನೆನೆಹಾಕಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ, ಮೊಳಕೆ ಬರಿಸುತ್ತಿದ್ದವಳು ಅವಳೇ. ಅವಳ ತಾಟಿನಲ್ಲಿ ಒಂದು ಚಮಚ ಕಾಳು ಕಂಡ ನೆನಪು ನನಗಿರಲಿಲ್ಲ. ಹನ್ನೊಂದು ವರ್ಷ ಬಡಿಸಿದವಳು ನಾನು. ನಾನು ಮಾತ್ರ ಹನ್ನೆರಡಕ್ಕೆ ಮನೆಗೆ ಹೋಗಿ ಮಕ್ಕಳ ಜೊತೆ ಉಂಡು ಬರುತ್ತಿದ್ದೆ.

ರಕ್ತ ಪರೀಕ್ಷೆಯಾಯಿತು. ಸಕ್ಕರೆ ಕಾಯಿಲೆ ಇರಲಿಲ್ಲ. ಡಾಕ್ಟರಮ್ಮ ಹೇಳಿದರು, "ರುಚಿ ಹೋಗಾಕ ಬ್ಯಾರೆ ಬ್ಯಾರೆ ಕಾರಣ ಇರ್ತಾವ್ರಿ. ನಿಮ್ಮ ರಕ್ತದಾಗ ಜಿಂಕ್ ಭಾಳ ಕಮ್ಮಿ ಬಂದೈತಿ. ಸತು ಅಂತಾರಲ್ಲ, ಅದು."

ಚಿಗವ್ವ ಹುಬ್ಬೇರಿಸಿದಳು. "ತಗಡಿನ ಬಕೀಟಿಗಿ ತುಕ್ಕು ಹಿಡೀಬಾರ್ದಂತ ಬಳೀತಾರಲ್ಲ, ಅದೇನ್ರಿ?"

"ಅದಾ ನೋಡ್ರಿ."

"ನಾನೇನು ಬಕೀಟೇನ್ರಿ ಯವ್ವಾ!"

ಡಾಕ್ಟರಮ್ಮ ನಕ್ಕುಬಿಟ್ಟರು. ಆಮೇಲೆ ಬಿಡಿಸಿ ಹೇಳಿದರು. ಮೈಗೆ ಅದು ಬೇಕಾಗುವುದು ಚೂರೇ ಚೂರು. ಆದರೆ ಗಾಯ ಮಾಯಲು, ಬಾಯಿಗೆ ರುಚಿ ಹತ್ತಲು, ರೋಗ ತಡೆಯಲು, ಮಕ್ಕಳು ಬೆಳೆಯಲು ಅದಿಲ್ಲದೆ ಆಗುವುದಿಲ್ಲ. ಭೇದಿಯಾದರೆ ಹೊರಗೆ ಹೋಗಿಬಿಡುತ್ತದೆ. ಜೋಳದಲ್ಲೂ ಇದೆ, ಆದರೆ ಕಾಳುಕಡಿಯ ಸಿಪ್ಪೆಯೊಳಗಿನ ಒಂದು ಅಂಶ ಅದನ್ನು ಹಿಡಿದುಕೊಂಡು ಮೈಗೆ ಪೂರ್ತಿ ಸೇರಲು ಬಿಡುವುದಿಲ್ಲ. ನೆನೆಸಿ ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ರೊಟ್ಟಿಯ ಜೊತೆ ಮೊಳಕೆ ಕಾಳು, ಶೇಂಗಾ, ಎಳ್ಳು, ಮೊಸರು ಇದ್ದರೆ ಒಳ್ಳೆಯದು. ಬರೀ ರೊಟ್ಟಿ ರಂಜಕ ಸಾಲದು. "ಕೂಡಿಸಿ ಇಟ್ಕೊಳ್ಳಾಕ ಮೈಯಾಗ ಅದಕ್ಕೊಂದು ಕಣಜ ಇಲ್ರಿ ಅವ್ವಾರ. ದಿನಾ ಬೇಕು." ಗುಳಿಗೆ ಬರೆದುಕೊಟ್ಟು, ಊಟವಾದ ಮೇಲೆ ತೆಗೆದುಕೊಳ್ಳಬೇಕು, ತಾವು ಹೇಳಿದಷ್ಟು ದಿನ ಮಾತ್ರ, ಹೆಚ್ಚಾದರೂ ಕೇಡು ಎಂದರು.

ಹದಿನೈದು ದಿನದ ಮೇಲೆ ದೇವರ ಜಗುಲಿಯ ಕೆಳಗೆ ಗುಳಿಗೆಯ ಪಟ್ಟಿ ಸಿಕ್ಕಿತು. ನಾಲ್ಕು ಮಾತ್ರ ಖಾಲಿಯಾಗಿದ್ದವು. "ಮುಂಜಾನಿ ನುಂಗಿದ್ರ ಹೊಟ್ಟಿ ತೊಳಿಸ್ತೈತಿ. ವಾಕರಿಕಿ ಬಂದ ಕೈಲೆ ಅಡಿಗಿ ಹ್ಯಾಂಗ ಮಾಡ್ಲಿ?" ಎಂದಳು. ಬೈದೆ. ಆದರೆ ಊಟದ ಮೇಲೆ ಎಂದರೆ ಅವಳಿಗೆ ಮೂರು ಗಂಟೆ ಎನ್ನುವುದು ನನಗೂ ಹೊಳೆದಿರಲಿಲ್ಲ. ಮೊದಲು ಉಣ್ಣು ಎಂದರೆ ಒಪ್ಪಲಿಲ್ಲ. "ಹಸದು ಬಂದವರಕಿಂತ ಮೊದಲ ಒಲಿ ಮುಂದಿನಾಕಿ ಉಂಡ್ರ ಅದು ಖಾನಾವಳಿ ಅಲ್ಲ, ಬೀಗರ ಮನಿ" ಎಂದಳು.

ಕೊನೆಗೆ ದಾರಿ ತೋರಿಸಿದವರು ಮಾಸ್ತರು. ಒಂದು ದಿನ ತಾಟಿನ ಮುಂದೆ ಕೈಕಟ್ಟಿ ಕುಳಿತರು. "ಅಕ್ಕಾರ ಬಂದು ನನ್ನ ಬಾಜೂಕ ಕುಂತ್ರ ಉಣ್ತೀನಿ. ಇಲ್ಲಾಂದ್ರ ಉಪವಾಸ. ವಯಸ್ಸಾದ ಮನುಷ್ಯಾ ಅದೀನಿ, ಪಾಪ ನಿಮಗ ಹತ್ತತೈತಿ ನೋಡ್ರಿ."

"ಮಾಸ್ತರಿಕಿ ಮಾಡಿ ಮಾಡಿ ಹಟ ಕಲ್ತೀರಿ" ಎಂದು ಗೊಣಗುತ್ತ ಚಿಗವ್ವ ಗೋಡೆಗೆ ಆತು ಕುಳಿತಳು. ನಾನು ಅವಳ ತಾಟಿಗೆ ಎರಡು ಸೌಟು ಮಡಕಿ ಕಾಳು ಹಾಕಿದೆ. ನನ್ನ ಕೈಯಿಂದ ಅವಳಿಗೆ ಕಾಳು ಬಡಿಸಿದ್ದು ಅದೇ ಮೊದಲು. ಅಂದಿನಿಂದ ದಿನಾ ಹನ್ನೆರಡೂವರೆಗೆ ಇಬ್ಬರ ಜೋಡಿ ಊಟ, ಆಮೇಲೆ ಗುಳಿಗೆ. ಗಾಯ ಒಣಗಿತು. ಎರಡನೆಯ ತಿಂಗಳಿಗೆ ಅವಳು ಇನ್ನೊಂದು ರೊಟ್ಟಿ ಕೇಳತೊಡಗಿದಳು.

ನಾನು ಬರೆಯಬೇಕೆಂದು ಕುಳಿತದ್ದು ಮುಂದಿನ ಈ ಒಂದು ದಿನಕ್ಕಾಗಿ.

ಮೂರು ತಿಂಗಳಾಗಿರಬೇಕು. ಮಂದಿ ತುಂಬಿತ್ತು. ಚಿಗವ್ವ ಸಾರು ಕಲಸಿದ ಅನ್ನದ ತುತ್ತು ಬಾಯಿಗಿಟ್ಟಳು. ಇನ್ನೊಂದು ತುತ್ತು ತಿಂದಳು. ತಲೆ ಎತ್ತಿ ನನ್ನ ಕಡೆ ನೋಡಿ ಹೇಳಿದಳು, "ಏ, ಇದಕ್ಕ ಉಪ್ಪು ಒಂದು ಚೂರು ಕಮ್ಮಿ ಐತಿ."

ನಾನು ಅನ್ನದ ಬೋಗುಣಿ ಹಿಡಿದು ಓಡಾಡುತ್ತಿದ್ದೆ. "ಮಾಸ್ತರ ಏನೂ ಅನ್ನವಲ್ರು. ನಿನಗೇನ ಗೊತ್ತಾಗತೈತಿ ಬಿಡು" ಎಂದುಬಿಟ್ಟೆ.

ಅವಳು ಎದ್ದಳು. ತಾಟು ತೊಳೆದಿಟ್ಟು ಒಳಗೆ ಹೋದಳು.

ಆ ದಿನ ನಾನೂ ಅಲ್ಲೇ ಉಂಡೆ. ಸಾರಿಗೆ ಉಪ್ಪು ಕಮ್ಮಿಯಿತ್ತು. ಒಂದು ಚೂರೇ. ಅವಳು ಹೇಳಿದ್ದಷ್ಟೇ.

ಆ ಕ್ಷಣದಲ್ಲೇ ಒಳಗೆ ಹೋಗಿ ಹೇಳಬೇಕಿತ್ತು. ನಿನ್ನ ನಾಲಿಗೆ ಬಂತು ಚಿಗವ್ವಾ, ನಾಳೆಯಿಂದ ಉಪ್ಪು ನೀನೇ ಹಾಕು ಎನ್ನಬೇಕಿತ್ತು. ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಉಪ್ಪಿನ ಭರಣಿ ನನ್ನ ಕೈಗೆ ಬಂದಿತ್ತು. ಮಂದಿ "ಇವರ ಕೈಯೂ ಪಳಗೇತಿ" ಎನ್ನತೊಡಗಿದ್ದರು. ಅದನ್ನು ತಿರುಗಿ ಕೊಡಲು ನನಗೆ ಅವಸರವಿರಲಿಲ್ಲ. ಅವಳು ದಿನಾ ಅಡಿಗೆ ಮುಗಿಸಿ, ಕೈ ಒರೆಸಿಕೊಂಡು ಹಿಂದೆ ಸರಿದು ನಿಲ್ಲುತ್ತಿದ್ದಳು. ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ನಾನು ಹಾಕುತ್ತಿದ್ದೆ.

ಅದಾಗಿ ಹನ್ನೊಂದನೆಯ ದಿನ ಬೆಳಿಗ್ಗೆ ನಾನು ಹೋದಾಗ ಅವಳು ಹೊಸ್ತಿಲ ಮೇಲೆ ತಂಬಿಗೆ ಹಿಡಿದು ಕುಳಿತಿದ್ದಳು. ಒಂದು ಗುಟುಕು ಕುಡಿದು, "ನಮ್ಮೂರಿಂದು ಬಂದೈತಿ ಇವತ್ತ" ಎಂದಳು. ಮುಖ ಬೆಳಗಿತ್ತು. ನಾನು ರೊಟ್ಟಿಗೆ ಹಿಟ್ಟು ನಾದಲು ಒಳಗೆ ಹೋದೆ. ಈಗ ಹೇಳಿಬಿಡಬೇಕು ಎಂದುಕೊಂಡು ಕೈತುಂಬ ಹಿಟ್ಟಿನೊಡನೆ ಹೊರಗೆ ಬರುವಷ್ಟರಲ್ಲಿ ಅವಳು ಬಾಗಿಲ ಚೌಕಟ್ಟಿಗೆ ಒರಗಿದ್ದಳು. ತಂಬಿಗೆ ಉರುಳಿತ್ತು. ಹೃದಯ ನಿಂತಿತ್ತು ಎಂದರು ಡಾಕ್ಟರಮ್ಮ. ಸತುವಿನ ಕೊರತೆಗೂ ಇದಕ್ಕೂ ಸಂಬಂಧವಿಲ್ಲ, ನೀವು ಮಾಡಬೇಕಾದ್ದು ಮಾಡಿದ್ರಿ ಎಂದೂ ಹೇಳಿದರು. ನಾನು ಮಾಡದೆ ಬಿಟ್ಟದ್ದು ಅವರಿಗೆ ಗೊತ್ತಿರಲಿಲ್ಲ.

ಒಳಗೆ ಅವಳು ಹಿಂದಿನ ಸಂಜೆ ಕಟ್ಟಿಟ್ಟ ಮಡಕಿ ಕಾಳಿನ ಗಂಟು ಇತ್ತು. ಅದರ ನೆನಪು ನನಗೆ ಬಂದದ್ದು ಮೂರನೆಯ ದಿನ. ಅಷ್ಟರಲ್ಲಿ ಮೊಳಕೆಗಳು ಅರಿವೆಯನ್ನು ತೂರಿ ಹೊರಗೆ ಬಂದಿದ್ದವು.

ಖಾನಾವಳಿ ನಡೆಯುತ್ತಿದೆ. ಹರಳುಪ್ಪನ್ನೇ ತರುತ್ತೇನೆ. ಎಡೆ ಹಿಡಿದ ಕೂಡಲೇ, ಬಡಿಸುವ ಮೊದಲು, ಎರಡು ಬಟ್ಟಲು ಕಾಳು ಬೇರೆ ತೆಗೆದಿಡುತ್ತೇನೆ, ಈಗ ರೊಟ್ಟಿ ಬಡಿಯಲು ಬರುವ ಹೆಂಗಸಿಗೆ ಒಂದು, ನನಗೆ ಒಂದು. ಮಾಸ್ತರ ಪಕ್ಕದಲ್ಲಿ ಕುಳಿತು ಉಣ್ಣುತ್ತೇವೆ. ನಾನು ಏನು ಬಡಿಸಿದರೂ ಅವರು ಛಲೋ ಆಗೇತಿ ಎನ್ನುತ್ತಾರೆ. ಉಳಿದವರೂ ಹಾಗೇ ಎನ್ನುತ್ತಾರೆ. ಒಂದು ಚೂರು ಕಮ್ಮಿ ಐತಿ ಎಂದು ಹೇಳುವವರು ಮಾತ್ರ ಯಾರೂ ಇಲ್ಲ.