ಕೊರಳ ಕರಡಿಗೆ ಮತ್ತು ಹಾವಿನ ಮಡಕೆ

ದಾವಣಗೆರೆಯಿಂದ ಓದಲು ಬಂದ ನನಗೆ ಚೆನ್ನೈಯೇ ಫಾರಿನ್ನು. ಅಲ್ಲಿ ಬುಡಕಟ್ಟು ಸಂಸ್ಕೃತಿಯ ಪ್ರಾಜೆಕ್ಟ್ ಸಿಕ್ಕಿದ್ದೇ ತಡ, ಮೂವತ್ತು ಪ್ರಶ್ನೆ ಪ್ರಿಂಟ್ ಹಾಕಿಸಿಕೊಂಡು, ವೇಲಚೇರಿಯ ರೂಮಿನಿಂದ ಊರಾಚೆಯ ಇರುಳ ಬುಡಕಟ್ಟಿನವರ ಹಟ್ಟಿಗೆ ದೊಡ್ಡ ವಿದುಷಿಯ ಗತ್ತಿನಲ್ಲಿ ಹೊರಟೆ.

ಗುಡಿಸಲ ಮುಂದೆ ಹಾವು ಹಿಡಿಯುವುದರಲ್ಲಿ ಪಳಗಿದ ಅಜ್ಜಿಯೊಬ್ಬರು ಕೂತಿದ್ದರು. ಹರಕುಮುರಕು ತಮಿಳಿನಲ್ಲಿ ಕೇಳಿದೆ: “ಪಾಟಿ, ನಿಮ್ಮ ದೇವರು ಯಾರು? ಪೂಜೆ ಹೇಗೆ ಮಾಡ್ತೀರಿ?”

“ಕನ್ನಿಯಮ್ಮ. ಮಾತಾಡಬೇಕು ಅನಿಸಿದಾಗ ಕರೀತೀವಿ, ಬರ್ತಾಳೆ,” ಎಂದವರೇ ನನ್ನ ಕೊರಳಿನತ್ತ ಬಗ್ಗಿದರು. “ಇದೇನಮ್ಮಾ, ಬೆಳ್ಳಿ ಡಬ್ಬಿ?”

“ಕರಡಿಗೆ. ಒಳಗೆ ಲಿಂಗ ಇದೆ, ನಮ್ಮ ದೇವರು.”

“ಪೂಜೆ ಹೇಗೆ ಮಾಡ್ತೀಯ?”

“ದಿನಾ ಹೊರಗೆ ತೆಗೆದು, ಅಂಗೈ ಮೇಲಿಟ್ಟುಕೊಂಡು...”

“ತೋರಿಸು ನೋಡೋಣ.”

ತಿರುಗಿಸಿದೆ, ಎಳೆದೆ, ಉಗುರು ಹಾಕಿದೆ. ಮುಚ್ಚಳ ಅಲುಗಲಿಲ್ಲ. ಚೆನ್ನೈಗೆ ಬಂದ ಮೇಲೆ ಅದನ್ನು ತೆರೆದಿದ್ದರೆ ತಾನೇ!

ಪಾಟಿ ನಿಟ್ಟುಸಿರು ಬಿಟ್ಟರು. “ಹಾವನ್ನ ಮಡಕೆಗೆ ಹಾಕಿದರೂ ನಾವು ಬಾಯಿಗೆ ಬಟ್ಟೆ ಕಟ್ತೀವಮ್ಮಾ, ಗಾಳಿ ಆಡಲಿ ಅಂತ.”

ಇಪ್ಪತ್ತೆಂಟು ಪ್ರಶ್ನೆ ಹಾಗೇ ಉಳಿದವು. ರೂಮಿಗೆ ಬಂದವಳೇ ಕೊಬ್ಬರಿ ಎಣ್ಣೆ ಬಿಟ್ಟು ಮುಚ್ಚಳ ತೆಗೆದೆ. ಇಡೀ ಪ್ರಾಜೆಕ್ಟಿನಲ್ಲಿ ನಾನು ನಿಜವಾಗಿ ನಡೆಸಿದ ಕ್ಷೇತ್ರಕಾರ್ಯ ಅದೊಂದೇ.